ಹದಿನಾಲ್ಕು ಹೊಸ ಪದಗಳು

ಹಂಸ ಅವರು ಕಲಿಸುವ ಮಧ್ಯಮ ಹಂತದ ಇಂಗ್ಲಿಷ್ ತರಗತಿಯಲ್ಲಿ ಉಳಿದಿದ್ದವಳು ಮೋನಿಷಾ ಒಬ್ಬಳೇ. ಹೊಸ ತಿಪ್ಪಸಂದ್ರದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಆಕೆ ಭಾನುವಾರ ಬೆಳಿಗ್ಗೆ ಮರ್ಫಿ ಟೌನಿನ ಹಂಸ ಅವರ ಮನೆಗೆ ಬರುತ್ತಿದ್ದಳು. ಉಳಿದ ದಿನ ಆ ಮನೆಗೆ ಯಾರೂ ಬರುತ್ತಿರಲಿಲ್ಲ.

ಈ ವಾರದ ಓದಿನ ಪರೀಕ್ಷೆಯಲ್ಲಿ ಪಾಸಾದರೆ ಮೋನಿಷಾ ಕೃಷ್ಣರಾಜಪುರದ ಮೇಲಿನ ತರಗತಿಗೆ ಹೋಗಿಬಿಡುತ್ತಾಳೆ. ಪುಟಕ್ಕೆ ಐದಕ್ಕಿಂತ ಹೆಚ್ಚು ಹೊಸ ಪದಗಳಿರುವ ಪಾಠವನ್ನು ಹಂಸ ಎಂದೂ ಆರಿಸಿದವರಲ್ಲ. ಮೋನಿಷಾ ಫೇಲಾಗಿ ಇನ್ನಷ್ಟು ದಿನ ಉಳಿಯಲಿ ಎಂದು ಈ ಸಲ ಒಂದೇ ಪುಟದಲ್ಲಿ ಹದಿನಾಲ್ಕು ಹೊಸ ಪದಗಳಿದ್ದುದನ್ನು ಆರಿಸಿದರು.

ಮೋನಿಷಾ ಅದನ್ನು ಎರಡು ಸಲ ಓದಿದಳು. ಆರು ಪ್ರಶ್ನೆಗಳಲ್ಲಿ ಐದಕ್ಕೆ ಸರಿಯಾದ ಉತ್ತರ ಬರೆದಳು.

"ಈ ಪದಗಳೆಲ್ಲ ಗೊತ್ತಿತ್ತೇನೆ?" ಎಂದು ಹಂಸ ಕೇಳಿದರು.

"ಎಲ್ಲಿ ಮಿಸ್! ಹಿಂದೆ ಮುಂದೆ ಓದಿ ಊಹೆ ಮಾಡ್ದೆ. ನೀವೇ ಬೈದು ಬೈದು ಕಲಿಸಿದ್ದಲ್ವಾ? ಆದ್ರೂ ಇವತ್ತು ಸಾಯಿಸ್ಬಿಟ್ರಿ."

ಹಂಸ ಮೇಲಿನ ತರಗತಿಯ ಅರ್ಜಿಗೆ ಸಹಿ ಹಾಕಿ ಕೊಟ್ಟರು.

"ಕಾಫಿ ಕುಡ್ಕೊಂಡು ಹೋಗೇ."

"ಅಂಗ್ಡಿಗೆ ಹೊತ್ತಾಯ್ತು ಮಿಸ್," ಎನ್ನುತ್ತಾ ಮೋನಿಷಾ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡಳು.