ಕಾನ್ಚೆಟ್ಟಾಳ ಭಾನುವಾರಗಳು

ರೊಸಾನಾ ಲೈಟಿನ ಸ್ವಿಚ್ ಒತ್ತಿದ್ದೇ ತಡ, ಕುಣಿಯುತ್ತಿದ್ದ ಮುದುಕರೆಲ್ಲ ಜೊತೆಗಾರನ ಕೈ ಬಿಟ್ಟು ಹತ್ತಿರವಿದ್ದ ಹೆಂಗಸರತ್ತ ನುಗ್ಗಿದರು. ಎಂಬತ್ತು ದಾಟಿದ ಮಿಲ್ಟನ್ ಹಿಡಿದದ್ದು ರೊಸಾನಾಳ ಸೊಂಟವನ್ನೇ.

ಅವಳ ಅಮ್ಮನನ್ನು ಮಣ್ಣು ಮಾಡಿ ಇನ್ನೂ ಎರಡು ಗಂಟೆಯಾಗಿರಲಿಲ್ಲ. ಬ್ರೂಕ್ಲಿನ್ನಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದ ಕಾನ್ಚೆಟ್ಟಾಳ ಸಾವಿಗೆ ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದರೆ, ಗುರುತು ಪರಿಚಯವಿಲ್ಲದ ನಲವತ್ತು ಗಂಡಸರು ಬಂದಿದ್ದರು. ಅತ್ತರು, ಚರ್ಚಿನ ಹಾಲಿನಲ್ಲಿ ಊಟ ಮಾಡಿದರು, ಆಮೇಲೆ ಪರದೆ ಎಳೆದು, ಹಾಡು ಹಾಕಿ ಕುಣಿಯತೊಡಗಿದರು.

ಮಿಲ್ಟನ್ ನಾಚಿ ಕೈ ತೆಗೆದ. "ಹಳೇ ಅಭ್ಯಾಸ, ಮಗಳೇ. ಲೈಟ್ ಬಂತು ಅಂದ್ರೆ ಪೊಲೀಸ್ರು ಬಂದ್ರು ಅಂತ ಅರ್ಥ."

*

ಅದು ಸಾವಿರದ ಒಂಬೈನೂರ ಅರವತ್ತೇಳನೇ ಇಸವಿ. ಗಂಡಸು ಗಂಡಸಿನ ಜೊತೆ ಕುಣಿದರೆ ಹಿಡಿದು ಒಳಗೆ ಹಾಕುತ್ತಿದ್ದರು. ಅವರು ಸೇರುತ್ತಿದ್ದ ಬಾರಿನಲ್ಲಿ ಸಾಲಾಗಿ ನಿಂತು ಕುಣಿಯುವಾಗ ನಡುವೆ ಒಬ್ಬಳಾದರೂ ಹೆಂಗಸಿದ್ದರೆ ಹೇಗೋ ಪಾರಾಗಬಹುದಿತ್ತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಮಿಲ್ಟನ್ ಕೇಳಿದನೆಂದು ಕಾನ್ಚೆಟ್ಟಾ ಪ್ರತಿ ಭಾನುವಾರ ಮಧ್ಯಾಹ್ನ ಆ ಸಾಲಿನ ನಡುವೆ ನಿಲ್ಲತೊಡಗಿದಳು.

ಒಮ್ಮೆ ಪೊಲೀಸನೊಬ್ಬ ಇವರಲ್ಲಿ ನಿನ್ನ ಜೊತೆಗಾರ ಯಾರೆಂದು ಗದರಿದ.

"ಎಲ್ರೂ," ಎಂದಳು. "ಸಾಲಲ್ಲಿ ನಿಂತ್ಕೊಳ್ಳಿ ಸಾರ್, ನಿಮ್ಮ ಸರದೀನೂ ಬರುತ್ತೆ."

ಕೆಲವು ವರ್ಷಕ್ಕೆ ಆ ಕಾಟ ತಪ್ಪಿತು, ಅವಳ ಅಗತ್ಯವೂ ತಪ್ಪಿತು. ಅವಳು ಮಾತ್ರ ಭಾನುವಾರ ತಪ್ಪಿಸಲಿಲ್ಲ. ಕುಣಿತದ ಹುಚ್ಚು ಅವಳಿಗೂ ಹಿಡಿದಿತ್ತು.

*

ರೊಸಾನಾ ಕುರ್ಚಿ ಎಳೆದುಕೊಂಡು ಕುಳಿತಳು. ಎಲ್ಲಿಗೆಂದು ಹೇಳದೆ ಹೋಗುತ್ತಿದ್ದ ಆ ಭಾನುವಾರಗಳಿಗಾಗಿ ಅವಳು ಅಮ್ಮನನ್ನು ಎಂದೂ ಕ್ಷಮಿಸಿರಲಿಲ್ಲ. ಅಪ್ಪನಂತೂ ಅನುಮಾನದಲ್ಲೇ ಸತ್ತಿದ್ದ.

"ಅಮ್ಮ ಯಾರನ್ನೋ ಇಟ್ಕೊಂಡಿದಾಳೆ ಅಂತಿದ್ರು ಅಪ್ಪ. ನಾನೂ ನಂಬಿದ್ದೆ."

"ಒಬ್ಬನ್ನಾ?" ಮಿಲ್ಟನ್ ಹಾಲಿನ ಸುತ್ತ ಕಣ್ಣಾಡಿಸಿದ. "ನಲವತ್ತು ಜನ ಇದೀವಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅತ್ತಳು. ನಮಗೊಂದು ಮಾತು ಹೇಳಬಾರದಿತ್ತೇ ಎಂದಳು.

"ನಮ್ಮ ಹೆಸ್ರು ಹೊರಗೆ ಬಿದ್ರೆ ನಮ್ಮ ಕೆಲಸ ಹೋಗ್ತಿತ್ತು, ಮಗಳೇ. ಕೆಟ್ಟ ಹೆಸ್ರು ತಾನೇ ಹೊತ್ಕೊಂಡ್ಳು."

ರೊಸಾನಾ ಎದ್ದು ಪರದೆಗಳನ್ನು ಒಂದೊಂದಾಗಿ ಸರಿಸಿದಳು. ಬೀದಿಯ ಕಡೆಯ ಬಾಗಿಲಿನ ಎರಡೂ ರೆಕ್ಕೆ ತೆರೆದು, ಮುಚ್ಚಿಕೊಳ್ಳದಂತೆ ಕುರ್ಚಿ ಒತ್ತುಕೊಟ್ಟಳು. ಹಾಡಿನ ಸದ್ದು ಏರಿಸಿದಳು.

ಮುದುಕರು ಮುಖ ಮುಖ ನೋಡಿಕೊಂಡರು. ಮೊದಲು ಮಿಲ್ಟನ್, ಐವತ್ತು ವರ್ಷಗಳಿಂದ ಜೊತೆಗಿದ್ದ ತನ್ನ ಸಂಗಾತಿ ಡೆಸ್ಮಂಡನತ್ತ ಕೈ ಚಾಚಿದ.

ಎದುರಿನ ನಿಲ್ದಾಣಕ್ಕೆ ಬಸ್ಸು ಬಂತು. ಕಾಯುತ್ತಿದ್ದವರಲ್ಲಿ ಒಬ್ಬರೂ ಹತ್ತಲಿಲ್ಲ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಇಬ್ಬರು ಮುದುಕರು ಕೆನ್ನೆಗೆ ಕೆನ್ನೆ ಹಚ್ಚಿ, ಕುಣಿಯುತ್ತ ಕುಣಿಯುತ್ತ ಹೊಸ್ತಿಲು ದಾಟಿ ಬೀದಿಗೆ ಬಂದರು.