ಬಾಗಿದರೆ ಇಳಿಯುವ ನೋವು

ಹೊಟ್ಟೆನೋವು ಯಾರಿಗೆ ಬರುವುದಿಲ್ಲ? ತಿಂದದ್ದು ಹೆಚ್ಚಾದರೂ ಬರುತ್ತದೆ, ತಿನ್ನದೇ ಇದ್ದರೂ ಬರುತ್ತದೆ. ಅದಕ್ಕೇ ಮನೆಯಲ್ಲಿ ಯಾರಾದರೂ ಹೊಟ್ಟೆ ಹಿಡಿದುಕೊಂಡರೆ ತಿರುಗಿ ನೋಡುವವರು ಕಡಿಮೆ. ‘ಗ್ಯಾಸು’ ಎಂದು ಒಂದು ಮಾತು ಹೇಳಿದರೆ ಅಲ್ಲಿಗೆ ಮುಗಿಯಿತು. ಕಾಲರಕ್ಕನ ಮನೆಯಲ್ಲೂ ಅಲ್ಲಿಗೇ ಮುಗಿಯುವುದರಲ್ಲಿತ್ತು.

ಕಾಲರಕ್ಕ ಬಟ್ಟೆ ಹೊಲಿಯುವವಳು. ಅಂಗಿಯ ಕಾಲರನ್ನು ಅವಳಷ್ಟು ನೆಟ್ಟಗೆ ಕೂರಿಸುವವರು ಆ ಬೀದಿಯಲ್ಲಿ ಇನ್ನೊಬ್ಬರಿಲ್ಲ, ಅದರಿಂದ ಆ ಹೆಸರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಅವಳ ಹೊಲಿಗೆ ಮೆಷಿನ್, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಆಚೆ ಗೋಡೆಗೆ ಅವಳ ಗಂಡನ ಇಸ್ತ್ರಿಪೆಟ್ಟಿಗೆ. ಅವಳು ಹೊಲಿದದ್ದನ್ನು ಅವನು ಇಸ್ತ್ರಿ ಮಾಡಿ ಮಡಿಸುತ್ತಾನೆ. ಅತ್ತೆ ಬಾಗಿಲ ಬಳಿ ಬೆಳಕಿಗೆ ಕೂತು ಗುಂಡಿ ಹಚ್ಚುತ್ತಾರೆ. ದಿನವಿಡೀ ಮೂವರೂ ಒಂದೇ ಕೋಣೆಯಲ್ಲಿ ಇರುತ್ತಾರೆ, ಆದರೆ ಮೂವರ ಕಣ್ಣೂ ಬಟ್ಟೆಯ ಮೇಲೆ.

ಅದು ಶಾಲೆ ತೆರೆಯುವ ವಾರ. ಮಕ್ಕಳ ಯೂನಿಫಾರ್ಮಿನ ಬಿಳಿ ಬಟ್ಟೆ ಮೇಜಿನ ಮೇಲೆ ರಾಶಿ ಬಿದ್ದಿತ್ತು. ಬೆಳಿಗ್ಗೆ ಹೊಲಿಯುತ್ತಿದ್ದವಳು ಇದ್ದಕ್ಕಿದ್ದಂತೆ ಎದೆಗೂಡಿನ ಕೆಳಗೆ ಕೈ ಒತ್ತಿಕೊಂಡಳು.

“ಏನೇ ಅದು?” ಗಂಡ ಇಸ್ತ್ರಿ ನಿಲ್ಲಿಸದೆಯೇ ಕೇಳಿದ.

“ಹೊಟ್ಟೆ ಮೇಲ್ಗಡೆ ಇರಿದ ಹಾಗಾಗ್ತಿದೆ ಕಣ್ರೀ. ಬೆನ್ನಿಗೂ ಹೋಗ್ತಿದೆ.”

“ಬೆನ್ನು ನೋಯದ ಟೇಲರ್ ಯಾರಾದ್ರೂ ಇದ್ದಾರಾ? ಇದ್ರೆ ಅವರು ಹೊಲಿದ ಬಟ್ಟೆ ನಂಬಬಾರದು.”

“ಗ್ಯಾಸು ಕಣೇ,” ಎಂದರು ಅತ್ತೆ. “ರಾತ್ರಿ ಊಟ ಮಾಡಿದವಳು ಹಾಗೇ ಮಲಗಿಬಿಟ್ಟೆ. ಒಂದು ಸೋಡಾ ಕುಡಿ, ಒಂದು ತೇಗು ಬಂದ್ರೆ ಹಗುರಾಗ್ತೀಯ.”

ಸೋಡಾ ಕುಡಿದಳು. ತೇಗು ಬರಲಿಲ್ಲ, ವಾಂತಿಯಾಯಿತು. ಗ್ಯಾಸಿನ ಮಾತ್ರೆ ನುಂಗಿದಳು, ಅದೂ ಹೊರಗೆ ಬಂತು. “ಪಿತ್ತ ಬಿದ್ದುಹೋಯ್ತು, ಇನ್ನು ಸರಿಹೋಗುತ್ತೆ ಬಿಡು,” ಎಂದು ಅತ್ತೆ ಸಮಾಧಾನ ಹೇಳಿದರು.

ಸ್ವಲ್ಪ ಹೊತ್ತು ಮಲಗೋಣವೆಂದು ಒಳಗೆ ಹೋದವಳು ಎರಡು ನಿಮಿಷಕ್ಕೇ ಎದ್ದು ಬಂದಳು. ಅಂಗಾತ ಮಲಗಿದರೆ ನೋವು ದುಪ್ಪಟ್ಟಾಗುತ್ತಿತ್ತು. ಬಂದು ಮೆಷಿನ್ನಿನ ಮುಂದೆ ಕೂತು ಅದರ ಮೇಲೆ ಎರಡೂ ಮೊಣಕೈ ಊರಿ ಮುಂದಕ್ಕೆ ಬಾಗಿದಾಗ ಮಾತ್ರ ತಡೆದುಕೊಳ್ಳುವಷ್ಟಾಯಿತು. ಹಾಗೇ ಬಾಗಿಕೊಂಡು ಪೆಡಲು ತುಳಿಯತೊಡಗಿದಳು.

ಗಂಡನ ಮುಖ ಅರಳಿತು. “ನೋಡಿದ್ಯಾ ಅಮ್ಮ! ಮಲಗಿದ್ರೆ ನೋವು, ಕೆಲಸಕ್ಕೆ ಕೂತ್ರೆ ಮಾಯ. ಇವಳ ಮೈಗೆ ಮೆಷಿನ್ನೇ ಔಷಧಿ.”

ಅವನು ಅದನ್ನು ಹೆಮ್ಮೆಯಿಂದಲೇ ಹೇಳಿದ್ದ. ಅತ್ತೆ ನಕ್ಕರು. ಅವಳೂ ನಗಲು ನೋಡಿದಳು. ಕೂತು ದುಡಿಯುವವರ ಮನೆಯಲ್ಲಿ ಮಾತ್ರ ಆಗಬಹುದಾದ ತಪ್ಪು ಅದು. ಕೆಲಸ ಮಾಡುತ್ತಿದ್ದಾಳೆ ಎಂದಮೇಲೆ ನೋವು ಅಷ್ಟೇನೂ ಇಲ್ಲವೆಂದು ಮೂವರೂ ನಂಬಿಬಿಟ್ಟರು.

ಮರುದಿನ ಅವಳ ಕೈ ನಿಧಾನವಾಗಿತ್ತು. “ಏನು, ಯಾವ ರಾಜಕುಮಾರನಿಗೆ ಹೊಲೀತಿದ್ದೀಯ ಇಷ್ಟು ಸಾವಕಾಶವಾಗಿ?” ಎಂದು ಗಂಡ ಚುಡಾಯಿಸಿದ. ಮಾತಿಗೆ ಮಾತು ಕೊಡದೆ ಬಿಡುವವಳೇ ಅಲ್ಲ ಅವಳು. ಅಂದು ಸುಮ್ಮನಿದ್ದಳು. ಮನೆಯವರು ಸುಮ್ಮನಿದ್ದರೆ ನಾವು ಅದನ್ನು ಸಹನೆ ಎಂದುಕೊಳ್ಳುತ್ತೇವೆ. ಕೆಲವು ಸಲ ಅದು ಸಹನೆಯಲ್ಲ, ಮಾತಾಡಲು ಉಸಿರು ಸಾಲದೆ ಇರುವುದು.

ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸಮ್ಮ ತಮ್ಮ ಬಿಳಿ ಕೋಟು ತೆಗೆದುಕೊಂಡು ಹೋಗಲು ಬಂದರು. ಬಾಗಿಲಲ್ಲೇ ನಿಂತು ಕಾಲರಕ್ಕನನ್ನು ನೋಡಿದರು. ಅವಳು ಮೆಷಿನ್ನಿನ ಮೇಲೆ ಬಾಗಿದ್ದಳು. ಸೂಜಿಯ ಕೆಳಗೆ ಬಟ್ಟೆಯಿತ್ತು, ಪೆಡಲಿನ ಮೇಲೆ ಕಾಲೂ ಇತ್ತು. ಚಕ್ರ ಮಾತ್ರ ತಿರುಗುತ್ತಿರಲಿಲ್ಲ.

“ಕಾಲರಕ್ಕ, ಯಾಕೆ ಹೀಗೆ ಕೂತಿದ್ದೀಯ?”

“ಹೊಟ್ಟೆನೋವು ನರ್ಸಮ್ಮ. ಹೀಗೆ ಕೂತ್ರೆ ಸ್ವಲ್ಪ ಕಮ್ಮಿ.”

ನರ್ಸಮ್ಮ ಕೋಟಿನ ಮಾತೇ ಎತ್ತಲಿಲ್ಲ. ಅವಳ ನಾಡಿ ಹಿಡಿದರು, ಹಣೆ ಮುಟ್ಟಿದರು. “ನೋವು ಎಲ್ಲಿ, ಬೆರಳಿಟ್ಟು ತೋರಿಸು. ಬಂದು ಬಂದು ಹೋಗುತ್ತಾ, ಒಂದೇ ಸಮ ಇದೆಯಾ?”

“ಇಲ್ಲಿ, ನಡುವೆ. ಹಿಂದಕ್ಕೆ ಬೆನ್ನಿಗೆ ತೂರಿಕೊಂಡು ಹೋಗುತ್ತೆ. ಬಿಟ್ಟೇ ಇಲ್ಲ.”

“ಮಲಗಿದ್ರೆ?”

“ಅಯ್ಯೋ, ಮಲಗು ಅಂತ ಮಾತ್ರ ಹೇಳ್ಬೇಡಿ.”

ನರ್ಸಮ್ಮ ಗಂಡನತ್ತ ತಿರುಗಿದರು. “ಅಣ್ಣ, ಆಂಬುಲೆನ್ಸಿಗೆ ಫೋನ್ ಮಾಡಿ. ಈಗಲೇ.”

“ಗ್ಯಾಸಿಗೆ ಆಂಬುಲೆನ್ಸಾ?” ಅವನಿಗೆ ನಗು ಬಂತು. “ಕೆಲಸ ಮಾಡ್ತಿದ್ದಾಳಲ್ಲ ನರ್ಸಮ್ಮ!”

“ಕೆಲಸಕ್ಕೆ ಕೂತಿಲ್ಲ ಅವಳು. ನೋವು ತಡೆಯೋಕೆ ಬಾಗಿದ್ದಾಳೆ. ಕೆಳಗೆ ಮೆಷಿನ್ ಇದೆ, ಅಷ್ಟೇ.”

ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ. ಅತ್ತೆ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

“ನಮ್ಮ ಜಠರದ ಹಿಂದೆ, ಬೆನ್ನುಮೂಳೆಗೆ ಹತ್ತಿರವಾಗಿ ಒಂದು ಗ್ರಂಥಿ ಅಡ್ಡಕ್ಕೆ ಮಲಗಿರುತ್ತೆ,” ಎಂದರು ನರ್ಸಮ್ಮ. “ಮೇದೋಜೀರಕ ಗ್ರಂಥಿ ಅಂತಾರೆ. ಆಸ್ಪತ್ರೆಯಲ್ಲಿ ಪ್ಯಾಂಕ್ರಿಯಾಸ್ ಅಂತಾರೆ. ಊಟ ಅರಗಿಸೋ ರಸ ಅದರಿಂದ ಬರೋದು. ಅದು ಕೆಟ್ಟು ಊದಿಕೊಂಡ್ರೆ ಆ ರಸ ಊಟ ಬಿಟ್ಟು ಗ್ರಂಥಿಯನ್ನೇ ಸುಡೋಕೆ ಶುರು ಮಾಡುತ್ತೆ. ಆಗ ನೋವು ಹೀಗೇ ಬರುತ್ತೆ, ಮೇಲ್ಹೊಟ್ಟೆಯಿಂದ ಬೆನ್ನಿಗೆ. ಮಲಗಿದ್ರೆ ಜಾಸ್ತಿ, ಬಾಗಿದ್ರೆ ಕಮ್ಮಿ. ಅದೇ ಅಂತ ಪರೀಕ್ಷೆ ಮಾಡದೆ ನಾನು ಹೇಳಲಾರೆ. ಆದ್ರೆ ಕಾಯೋ ನೋವಲ್ಲ ಇದು.”

“ಅದು ಕುಡಿಯೋರಿಗೆ ಬರೋ ಕಾಯಿಲೆ ಅಲ್ವಾ?” ಗಂಡನ ದನಿ ಗಡುಸಾಯಿತು. “ಇವಳು ಟೀಯನ್ನೂ ಅರ್ಧ ಲೋಟ ಕುಡಿಯೋಳು. ಜನ ಏನಂದುಕೊಳ್ತಾರೆ?”

“ಕುಡಿತದಿಂದಲೂ ಬರುತ್ತೆ ಅಣ್ಣ. ಪಿತ್ತಕೋಶದ ಕಲ್ಲು ಜಾರಿ ದಾರಿಗೆ ಅಡ್ಡ ಸಿಕ್ಕಿಕೊಂಡ್ರೂ ಬರುತ್ತೆ. ರಕ್ತದಲ್ಲಿ ಕೊಬ್ಬು ತುಂಬಾ ಏರಿದ್ರೂ ಬರಬಹುದು. ಜನ ಅಂದುಕೊಳ್ಳೋದನ್ನ ಆಮೇಲೆ ಕೇಳೋಣ, ಮೊದಲು ಫೋನ್ ಮಾಡಿ.”

ಅತ್ತೆ ಎದ್ದು ಒಳಗೆ ಹೊರಟರು. “ಒಂದು ಲೋಟ ಬಿಸಿನೀರಾದ್ರೂ ಕೊಟ್ಟು ಕಳಿಸ್ತೀನಿ.”

“ಬೇಡಮ್ಮ. ಡಾಕ್ಟರ್ ನೋಡೋವರೆಗೆ ಊಟ, ನೀರು, ಅಂಗಡಿ ಮಾತ್ರೆ ಏನೂ ಬೇಡ. ಈಗ ಏನು ಹೊಟ್ಟೆಗೆ ಹೋದ್ರೂ ನೋವು ಹೆಚ್ಚಬಹುದು.”

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, ನೋವು ಶುರುವಾಗಿ ಎಷ್ಟು ಹೊತ್ತಾಯಿತು ಎಂದು. ಗಂಡ ಬೆರಳು ಮಡಿಸಿ ಲೆಕ್ಕ ಹಾಕಲು ನೋಡಿದ. ಒಂದೇ ಕೋಣೆಯಲ್ಲಿ ಇದ್ದವನಿಗೆ ಅದರ ಹೊತ್ತು ನೆನಪಿರಲಿಲ್ಲ.

ಮಂಚದ ಮೇಲೆ ದಿಂಬು ತಬ್ಬಿ ಬಾಗಿದ್ದ ಅವಳೇ ಮೆಲ್ಲಗೆ ಹೇಳಿದಳು. “ಮೂರನೇ ಅಂಗಿಯ ಕಾಲರ್ ಕೂರಿಸ್ತಿದ್ದೆ, ಆಗ. ಇವತ್ತು ಏಳನೇದರ ತೋಳಲ್ಲಿದ್ದೆ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಗಂಡನಿಗೆ ಆಯಿತು. ಮೂರನೇ ಅಂಗಿ ನಿನ್ನೆ ಬೆಳಿಗ್ಗೆಯದು. ಅಲ್ಲಿಂದೀಚೆಗಿನ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿದ್ದು ಅವನೇ. ಒಂದರಲ್ಲೂ ಹೊಲಿಗೆ ಎಳೆಯಷ್ಟೂ ಡೊಂಕಾಗಿರಲಿಲ್ಲ. ಅಷ್ಟು ನೋವು ಅವನ ಕೈ ಹಾದು ಹೋಗಿತ್ತು, ಬಟ್ಟೆಯಲ್ಲಿ ಅದರ ಗುರುತೇ ಇರಲಿಲ್ಲ.

“ನಿನ್ನೆ ಬೆಳಿಗ್ಗೆಯಿಂದ ಡಾಕ್ಟ್ರೇ,” ಎಂದ. ಮತ್ತೆ ತಾನಾಗಿಯೇ ಸೇರಿಸಿದ, “ಬಾಗಿ ಕೂತಾಗ ಮಾತ್ರ ಕಮ್ಮಿ ಆಗ್ತಿತ್ತು. ನಾನೇ ನೋಡಿದ್ದೆ. ನೋಡಿ ನಕ್ಕಿದ್ದೆ.”

ರಕ್ತ ಪರೀಕ್ಷೆಯಾಯಿತು, ಸ್ಕ್ಯಾನಿಂಗ್ ಆಯಿತು. ನರ್ಸಮ್ಮ ಅನುಮಾನಪಟ್ಟದ್ದು ನಿಜವಾಗಿತ್ತು. ಪಿತ್ತಕೋಶದಲ್ಲಿ ಸಣ್ಣ ಸಣ್ಣ ಕಲ್ಲುಗಳಿದ್ದವು. ಅದರಲ್ಲೊಂದು ಜಾರಿ ಗ್ರಂಥಿಯ ದಾರಿಗೆ ಅಡ್ಡವಾಗಿತ್ತು. ಡ್ರಿಪ್ ಹಾಕಿದರು, ನೋವಿಗೆ ಔಷಧಿ ಕೊಟ್ಟರು, ಗಂಟೆಗೊಮ್ಮೆ ಬಂದು ನೋಡಿದರು. “ಹೆಚ್ಚಿನವರು ಸರಿಯಾದ ಚಿಕಿತ್ಸೆಯಿಂದ ಗುಣವಾಗ್ತಾರೆ,” ಎಂದರು ಡಾಕ್ಟರು. “ಬಿಟ್ಟುಬಿಟ್ರೆ ಕೆಲವರಿಗೆ ಕಿಡ್ನಿ, ಶ್ವಾಸಕೋಶಕ್ಕೂ ಪೆಟ್ಟು ಬೀಳುತ್ತೆ. ಆಗ ಜೀವ ಉಳಿಸೋದೇ ಕಷ್ಟ.”

ನಾಲ್ಕನೆಯ ದಿನ ಕಾಲರಕ್ಕ ಅಂಗಾತ ಮಲಗಿ ನಿದ್ದೆ ಮಾಡಿದಳು. ಐದನೆಯ ದಿನ ಸ್ವಲ್ಪ ಉಂಡಳು, ಉಂಡೊಡನೆ ಮನೆಗೆ ಹೊರಡುತ್ತೇನೆಂದಳು. ಡಾಕ್ಟರು ಬೇಡವೆಂದರು. ಕಲ್ಲು ತುಂಬಿದ ಪಿತ್ತಕೋಶವನ್ನು ಈಗಲೇ ತೆಗೆದುಬಿಡಬೇಕು, ಇಲ್ಲವಾದರೆ ಇನ್ನೊಂದು ಕಲ್ಲು ಜಾರಿ ಇದೇ ಕಾಯಿಲೆ ಮರಳಬಹುದು ಎಂದರು.

“ನೋವು ಹೋಯ್ತಲ್ಲ ಡಾಕ್ಟ್ರೇ,” ಎಂದು ಹಟ ಹಿಡಿದಳು. “ಶಾಲೆ ಬಟ್ಟೆ ಎಲ್ಲಾ ಹಾಗೇ ಬಿದ್ದಿದೆ. ಕೊಟ್ಟು ಮುಗಿಸಿ ಬರ್ತೀನಿ. ಮಾತು ಕೊಟ್ಟಿದ್ದೀನಿ.”

ಗಂಡ ಏನೋ ಹೇಳಲು ಹೊರಟ. ಅಷ್ಟರಲ್ಲಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಎದ್ದು ಬಂದು ಸೊಸೆಯ ಕೈ ಹಿಡಿದುಕೊಂಡರು.

“ಗ್ಯಾಸು ಅಂದವಳು ನಾನು. ಸೋಡಾ ಕುಡಿಸಿದವಳೂ ನಾನೇ. ಮಕ್ಕಳು ನಾಲ್ಕು ದಿನ ಹಳೇ ಅಂಗಿ ಹಾಕ್ಕೊಂಡು ಶಾಲೆಗೆ ಹೋದ್ರೆ ಯಾರೂ ಸಾಯಲ್ಲ ಕಣೇ. ಮಲಕ್ಕೋ.”

ಕಾಲರಕ್ಕ ಅತ್ತೆಯ ಮುಖ ನೋಡಿದಳು. ಆಮೇಲೆ ಡಾಕ್ಟರತ್ತ ತಿರುಗಿ, ಆಪರೇಷನ್ನಿನ ಒಪ್ಪಿಗೆ ಪತ್ರ ಎಲ್ಲಿದೆ ಎಂದು ಕೇಳಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಎಲ್ಲ ಹೊಟ್ಟೆನೋವೂ ಇದಲ್ಲ, ಹೆದರಬೇಡಿ. ಆದರೆ ಮೇಲ್ಹೊಟ್ಟೆಯಲ್ಲಿ ಜೋರಾದ ನೋವು ಎದ್ದು ಬಿಡದೇ ಕಾಡಿದರೆ, ಬೆನ್ನಿಗೆ ಹರಿದರೆ, ಉಂಡಾಗ ಅಥವಾ ಅಂಗಾತ ಮಲಗಿದಾಗ ಹೆಚ್ಚಾಗಿ ಮುಂದಕ್ಕೆ ಬಾಗಿದಾಗ ಇಳಿದರೆ, ಜೊತೆಗೆ ವಾಂತಿಯೋ ಜ್ವರವೋ ಇದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ. ಇವೆಲ್ಲ ಒಟ್ಟಿಗೇ ಕಾಣಿಸಲಿ ಎಂದೂ ಕಾಯಬೇಡಿ. ಉಸಿರು ಕಟ್ಟಿದರೆ, ಎದೆ ಡವಡವ ಹೊಡೆದುಕೊಂಡರೆ, ಕಣ್ಣು ಹಳದಿಯಾದರೆ ಒಂದು ಗಳಿಗೆಯೂ ತಡಮಾಡಬೇಡಿ. ಕುಡಿಯುವ ಅಭ್ಯಾಸವಿದ್ದರೆ ನಾಚದೆ ಡಾಕ್ಟರಿಗೆ ಹೇಳಿ, ಕುಡಿಯದವರಾದರೆ ನಮಗೆ ಬಾರದೆಂದು ಸುಮ್ಮನಿರಬೇಡಿ. ಮನೆಯಲ್ಲಿ ದುಡಿಯುವ ಕೈ ಓಡುತ್ತಿದೆಯೆಂಬ ಕಾರಣಕ್ಕೆ ಮೈ ಚೆನ್ನಾಗಿದೆ ಎಂದು ತಿಳಿಯಬೇಡಿ. ಇಂದು ಊಟಕ್ಕೆ ಕೂತಾಗ ಪಕ್ಕದಲ್ಲಿರುವವರನ್ನು ಒಂದು ಮಾತು ಕೇಳಿ: ನೋವೇನಾದರೂ ಇದೆಯಾ? ಕೇಳಿದ ಮೇಲೆ, ಅವರು ಹೇಳುವವರೆಗೆ ಕಾಯಿರಿ.