ಅಲುಗಬಾರದು

ಇದೋ ಬಂತು, ಮತ್ತೆ ಬಿಸಿ, ಕುತ್ತಿಗೆಯೊಳಗಿಂದ ಕೆನ್ನೆಗೆ, ಕೆನ್ನೆಯಿಂದ ಕಣ್ಣಿನ ಹಿಂದಕ್ಕೆ, ಯಾರೋ ತಲೆಯೊಳಗೆ ಕಾದ ನೀರು ಚೆಲ್ಲಿದಂತೆ, ಮುಚ್ಚಿದ ರೆಪ್ಪೆಯೊಳಗೆ ಬಿಳಿ ಮಿಂಚು — ಅಲುಗಬೇಡಿ ನೀಲಗಂಗಾ, ನುಂಗಬೇಡಿ, ಉಸಿರು ಹಿಡಿಯಿರಿ — ಹಿಡಿದೆ, ಹಿಡಿದೇ ಇದ್ದೇನೆ, ಬಿಡಿ ಎನ್ನುವುದನ್ನು ಈ ಡಾಕ್ಟರು ಮರೆತರೆ, ಬಿಡಿ ಎಂದರು, ಬಿಟ್ಟೆ. ತೊಡೆಯ ಸಂದಿಯಲ್ಲಿ ತೂರಿಸಿದ ನಳಿಗೆ ಹೊಟ್ಟೆ ದಾಟಿ ಎದೆ ದಾಟಿ ಕುತ್ತಿಗೆಗೆ ಬಂದಿದೆಯಂತೆ, ನನಗದು ತಿಳಿಯುವುದೇ ಇಲ್ಲ, ತಿಳಿಯುವುದು ಈ ಬಿಸಿಯೊಂದೇ, ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಲೆಂದು ಬಿಡುವ ಔಷಧದ ಬಿಸಿ, ತಲೆಯಲ್ಲಿ ರಕ್ತ ಸೋರಿದೆ ಎಂದು ಮೊದಲಿನ ಸ್ಕ್ಯಾನ್ ಹೇಳಿತು, ಎಲ್ಲಿಂದ ಎಂದು ಎರಡನೆಯದೂ ಹೇಳಲಿಲ್ಲ, ಅದಕ್ಕೇ ಇದು, ಇದರಲ್ಲೂ ಸಿಗದಿದ್ದರೆ? ಮತ್ತೆ ಸೋರಬಹುದು, ಎರಡನೆಯ ಸಲ ಸೋರಿದವರಲ್ಲಿ ಬಹಳ ಜನ — ಡಾಕ್ಟರು ಮಾತು ಮುಗಿಸಲಿಲ್ಲ, ನನ್ನ ಗಂಡನ ಮುಖ ನೋಡಿ ನಿಲ್ಲಿಸಿದರು, ಶರಣ ಆಫೀಸಿನಿಂದ ಹಾಗೇ ಓಡಿ ಬಂದಿದ್ದ, ಬ್ಯಾಡ್ಜ್ ಕೊರಳಲ್ಲೇ ಇತ್ತು, ಏನೂ ಆಗಲ್ಲ ನೀಲಾ, ಇವ್ರು ಇದನ್ನ ಡೈಲಿ ಮಾಡ್ತಾರಂತೆ, ಹೇಳುತ್ತ ಬ್ಯಾಡ್ಜಿನ ದಾರವನ್ನು ಬೆರಳಿಗೆ ಸುತ್ತುತ್ತಲೇ ಇದ್ದ, ಬೆರಳು ಬೆಳ್ಳಗಾಗುವವರೆಗೂ.

ಹೇಗೆ ಶುರುವಾಯಿತು, ಅಮೆರಿಕದ ಈ ಏಪೆಕ್ಸ್ ಊರಿನ ಶಾಲೆಯ ಪಾರ್ಕಿಂಗ್ ಲಾಟ್, ನಮ್ರತಾಳ ಸೆಲ್ಲೋ, ದೊಡ್ಡ ಪಿಟೀಲಿನಂಥ ವಾದ್ಯ, ಅದನ್ನು ಕಾರಿನಿಂದ ಎತ್ತುತ್ತಿದ್ದೆ, ಬಿಡಮ್ಮಾ, ಐ ಕ್ಯಾನ್ ಡೂ ಇಟ್, ಎಂದಳು ಮಗಳು, ನೆತ್ತಿಯ ಮೇಲೆ ಒನಕೆ ಬಿದ್ದಂತಾಯಿತು, ಅಷ್ಟೇ, ಆಮೇಲೆ ಟಾರಿನ ಮೇಲೆ ಕೂತಿದ್ದೇನೆ, ವಾಂತಿ, ಬಿಸಿಲು ಸೂಜಿಯಾಗಿ ಚುಚ್ಚುತ್ತದೆ, ಆಂಬುಲೆನ್ಸಿನವನು ಬಗ್ಗಿ ಹೆಸರು ಕೇಳುತ್ತಾನೆ, ಇದು ಯಾವ ವರ್ಷ ಎನ್ನುತ್ತಾನೆ, ಎರಡು ಸಾವಿರದ ಹದಿನಾರಪ್ಪಾ, ಸರಿಯಾಗಿಯೇ ಹೇಳಿದೆನಲ್ಲ, ಅವನು ಜೊತೆಯವನತ್ತ ತಿರುಗಿ ಗೊಂದಲದಲ್ಲಿದ್ದಾಳೆ, ಏನೇನೋ ಬಡಬಡಿಸುತ್ತಾಳೆ ಎನ್ನುತ್ತಾನೆ, ಆಗ ನಮ್ರತಾ ಕಿರುಚಿದಳು, ಶೀ ಈಸ್ ನಾಟ್ ಕನ್‌ಫ್ಯೂಸ್ಡ್! ಅದು ಕನ್ನಡ! ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ, ಆಂಬುಲೆನ್ಸಿನಲ್ಲಿ ನನ್ನ ಕೈ ಹಿಡಿದು ಒಂದೊಂದೇ ಪದ ಹೆಕ್ಕಿ ತೆಗೆದಳು, ಅಮ್ಮಾ, ನೋವು ಎಲ್ಲಿ ಇದೆ, ಮುಂದೆ ಆ, ಹಿಂದೆ ಆ? ಹಿಂದೆ ಕಣೇ. ಶೀ ಸೆಡ್ ಬ್ಯಾಕ್. ಆ ಹೊತ್ತು ನನ್ನಲ್ಲಿ ಇಂಗ್ಲಿಷೇ ಇರಲಿಲ್ಲ, ಹುಡುಕಿದರೆ ಬರಿದಾದ ಕಪಾಟು, ಸಂಜೆಗೆ ತಾನಾಗಿ ಮರಳಿತು, ನೀರು ಬೇಕು ಎಂದು ನರ್ಸನ್ನು ಇಂಗ್ಲಿಷಿನಲ್ಲೇ ಕೇಳಿದೆ, ಅದನ್ನು ಕೇಳಿ ಶರಣ ಅತ್ತುಬಿಟ್ಟ. ಆದರೆ ಇನ್ನೊಮ್ಮೆ ಸೋರಿದರೆ? ಒಂದು ಸಲಕ್ಕೆ ಇಂಗ್ಲಿಷ್ ಹೋಯಿತು, ಇನ್ನೊಂದು ಸಲಕ್ಕೆ ಕನ್ನಡವೂ ಹೋದರೆ ಮಗಳು ನನ್ನನ್ನು ಯಾವುದರಲ್ಲಿ ಮಾತಾಡಿಸುತ್ತಾಳೆ, ಅವಳ ಹೆಸರು, ನ, ನಮ್ರತಾ, ಇದೆ, ಇನ್ನೂ ಇದೆ, ತುಟಿ ಅಲುಗಿಸದೆ ಹೇಳಿಕೊಳ್ಳುತ್ತೇನೆ, ನಮ್ರತಾ, ಮತ್ತೆ ಬಿಸಿ, ಈ ಸಲ ಬಲಗಡೆ, ನಮ್ರತಾ —

ಅಲ್ಲಿದೆ, ಎಂದರು ಯಾರೋ. ಡಾಕ್ಟರು ಹತ್ತಿರ ಬಂದರು, ಮಾಸ್ಕಿನ ಮೇಲೆ ಕಣ್ಣು ಮಾತ್ರ, ಸಿಕ್ಕಿತು, ತಲೆ ತಿರುಗಿಸಬೇಡಿ, ಕಣ್ಣಿನಿಂದಲೇ ನೋಡಿ, ಪರದೆಯನ್ನು ನನ್ನತ್ತ ಎಳೆದರು, ಬೂದು ಬಣ್ಣದ ಮೇಲೆ ಕಪ್ಪು ನಾಳಗಳು, ಇದು ನಾನೇ, ನನ್ನ ತಲೆಯ ಒಳಗು, ನಾಳ ಕವಲೊಡೆಯುವಲ್ಲಿ ಒಂದು ಸಣ್ಣ ಗುಂಡನೆಯ ಉಬ್ಬು, ನಾವಿದನ್ನು ಬೆರಿ ಎನ್ನುತ್ತೇವೆ, ನೋಡಲು ಹಣ್ಣಿನ ಹಾಗೇ ಇರುತ್ತದೆ, ಗೋಡೆ ತೆಳ್ಳಗಾಗಿ ಸೋರಿದೆ. ಕವಳಿಹಣ್ಣು. ನನಗೆ ಕಂಡದ್ದು ಕವಳಿಹಣ್ಣು, ನಮ್ಮೂರ ಕಡೆಯ ಕಪ್ಪತಗುಡ್ಡದ ಮುಳ್ಳುಪೊದೆಯಲ್ಲಿ ಕಪ್ಪಗೆ ಮಾಗಿ ಜೋತಾಡುವಂಥದು, ಅವ್ವ ಅನ್ನುತ್ತಿದ್ದಳು, ಮೆಲ್ಲಕ ಹಿಡಿಯವ್ವ, ಮುಟ್ಟಿದ್ರ ಒಡೀತಾವ — ಡಾಕ್ಟರು ಹೇಳುತ್ತಲೇ ಇದ್ದಾರೆ, ಇದೇ ದಾರಿಯಲ್ಲಿ ಪ್ಲಾಟಿನಂ ತಂತಿ ಕಳಿಸಿ ಅದರೊಳಗೆ ಸುರುಳಿ ಸುತ್ತಿ ತುಂಬುತ್ತೇವೆ, ರಕ್ತ ಒಳಗೆ ಹೋಗುವುದಿಲ್ಲ, ನಿದ್ದೆ ಬರಿಸುತ್ತೇವೆ, ಈಗಲೇ ಮಾಡುವುದು ಒಳ್ಳೆಯದು, ಒಪ್ಪಿಗೆಯೇ? ತಂತಿ ತಾಗಿ ಒಡೆದರೆ ಎಂದು ಕೇಳಿದೆ, ಇಂಗ್ಲಿಷಿನಲ್ಲೇ ಕೇಳಿದೆ, ಡಾಕ್ಟರು ಸುಳ್ಳು ಹೇಳಲಿಲ್ಲ, ಅಪರೂಪಕ್ಕೆ ಆಗುತ್ತದೆ ಎಂದರು. ಯೆಸ್ ಎಂದೆ. ಶರಣನಿಗೆ ಎಲ್ಲ ಹೇಳಿ, ಮಗಳಿಗೆ ಮಾತ್ರ ಸಿಕ್ಕಿತು ಎಂದಷ್ಟೇ ಹೇಳಿ, ಉಳಿದದ್ದು ಬೇಡ. ಮೂಗಿನ ಮೇಲೆ ಮಾಸ್ಕ್ ಇಟ್ಟರು, ಪ್ಲಾಸ್ಟಿಕ್ ವಾಸನೆ, ಪರದೆಯನ್ನು ಅತ್ತ ಸರಿಸಿದರೂ ಹಣ್ಣು ಸರಿಯಲಿಲ್ಲ, ರೆಪ್ಪೆಯೊಳಗೇ ಇದೆ, ಗುಂಡಗೆ, ಕಪ್ಪಗೆ, ತುಂಬಿಕೊಂಡು, ಪ್ರತಿ ಎದೆಬಡಿತಕ್ಕೂ ಒಂದಿಷ್ಟು ಉಬ್ಬಿ ಇಳಿದು, ಈಗ ತಂತಿ ಹೊರಟಿರಬೇಕು, ಹೊಟ್ಟೆ ದಾಟಿ, ಎದೆ ದಾಟಿ, ಮೆಲ್ಲಕ, ಹಣ್ಣು, ಮೆಲ್ಲಕ, ತೊಗಲು ತೆಳ್ಳಗಿದೆ, ಕಪ್ಪು ಹಣ್ಣು, ಹಣ್ಣಿನ ಹತ್ತಿರ ಬೆರಳು, ಹಣ್ಣು